ಸರ್ಕಾರ ಮಾರಿದ ಪ್ರಸಾರ ಟವರ್‌ಗಳನ್ನು ಯಾರು ಕೊಳ್ಳಬಹುದು, ಎಷ್ಟು ಷೇರು ಇಟ್ಟುಕೊಳ್ಳಬಹುದು? ಬ್ರಿಟನ್, ಇಟಲಿ ನಿಯಮಗಳ ಬಗ್ಗೆ

ಕಡತವಾಸಿ

ಮೂಲಸೌಕರ್ಯ ಖಾಸಗೀಕರಣದ ಮೇಲೆ ಒಂದು ಟಿಪ್ಪಣಿ ತಯಾರಾಗುತ್ತಿದೆ. ವಿದ್ಯುತ್ತು, ಬಂದರು, ವಿಮಾನ ನಿಲ್ದಾಣಗಳ ಬಗ್ಗೆ ಓದಲು ಬೇಕಾದಷ್ಟಿದೆ. ಟಿವಿ, ರೇಡಿಯೊ ಸಿಗ್ನಲ್ ಮನೆಮನೆಗೆ ಮುಟ್ಟಿಸುವ ಟವರ್‌ಗಳ ವಿಷಯಕ್ಕೆ ಬಂದರೆ ಸಿಗುವುದೆಲ್ಲ ಚೂರುಪಾರು. ಬ್ರಿಟನ್ ಇದನ್ನು 1990ರ ದಶಕದಲ್ಲೇ ಮಾರಿತು ಎಂಬುದು ಗೊತ್ತು. ನನಗೆ ಸ್ಪಷ್ಟವಾಗಬೇಕಾದ ವಿಷಯ ಇಷ್ಟು:

ಮಾರುವಾಗ ಇಂಥವರು ಕೊಳ್ಳಬಾರದು, ಇಷ್ಟು ಶೇಕಡಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಕಾನೂನು ಹೇಳಿತ್ತೇ? ವಿದೇಶಿಯರಿಗೆ ಮಿತಿ ಇತ್ತೇ? ಎರಡು ಕಂಪನಿಗಳಿಗೆ ಮಾರಿದ್ದು ಈಗ ಒಂದೇ ಕಂಪನಿಯ ಕೈಯಲ್ಲಿರುವುದು ಹೇಗೆ? ಚಾನೆಲ್ ನಡೆಸುವವರೇ ಟವರ್ ಕಂಪನಿಯನ್ನೂ ಕೊಂಡರೆ ತಡೆಯುವ ನಿಯಮ ಎಲ್ಲಾದರೂ ಇದೆಯೇ?

ಕೆಲಸ ಮಾಡಿ ಬಲ್ಲವರು ದಯವಿಟ್ಟು ತಿಳಿಸಿ. ತಾಂತ್ರಿಕ ವಿವರ ಇದ್ದರೂ ತೊಂದರೆಯಿಲ್ಲ, ನಿಧಾನವಾಗಿ ಅರ್ಥ ಮಾಡಿಕೊಳ್ಳುತ್ತೇನೆ.

ಎತ್ತರದ ಕೆಂಪು ದೀಪ

ಮೊದಲ ಪ್ರಶ್ನೆಗೆ ನೇರ ಉತ್ತರ: ಬ್ರಿಟನ್ನಿನಲ್ಲಿ ಟವರ್ ಕಂಪನಿಯ ಷೇರಿಗೆ ಶೇಕಡಾವಾರು ಮಿತಿಯನ್ನು ನಂಬಿ ಕೂತಿರಲಿಲ್ಲ. ಹಿಡಿತ ಇಟ್ಟುಕೊಂಡದ್ದು ಬೇರೆ ಕಡೆ. ಇತಿಹಾಸ ಸ್ವಲ್ಪ ಹೇಳದೆ ಇದು ತಿಳಿಯುವುದಿಲ್ಲ.

ಅಲ್ಲಿ ಎರಡು ಜಾಲ ಇದ್ದವು. ಬಿಬಿಸಿಯದು ಒಂದು, ಐಟಿವಿ, ಚಾನೆಲ್ 4 ಮತ್ತು ಖಾಸಗಿ ರೇಡಿಯೊಗಳಿಗಾಗಿ ಐಬಿಎ ಎಂಬ ಸರ್ಕಾರಿ ಪ್ರಾಧಿಕಾರ ನಡೆಸುತ್ತಿದ್ದುದು ಇನ್ನೊಂದು. 1990ರ ಪ್ರಸಾರ ಕಾಯ್ದೆ ಐಬಿಎಯನ್ನೇ ರದ್ದು ಮಾಡಿತು. ಅದರ ಎಂಜಿನಿಯರಿಂಗ್ ಭಾಗ ನ್ಯಾಷನಲ್ ಟ್ರಾನ್ಸ್‌ಕಮ್ಯುನಿಕೇಷನ್ಸ್, ಅಂದರೆ ಎನ್‌ಟಿಎಲ್, ಎಂಬ ಕಂಪನಿಯಾಗಿ 1991ರಲ್ಲಿ 7 ಕೋಟಿ ಪೌಂಡಿಗೆ ಮಾರಾಟವಾಯಿತು. ಕೊಂಡದ್ದು ಮರ್ಕ್ಯುರಿ ಅಸೆಟ್ ಮ್ಯಾನೇಜ್‌ಮೆಂಟ್. ಬಿಬಿಸಿಯ ದೇಶೀಯ ಪ್ರಸಾರ ಜಾಲ 1997ರ ಫೆಬ್ರವರಿಯಲ್ಲಿ 24.4 ಕೋಟಿ ಪೌಂಡಿಗೆ ಹೋಯಿತು. ಕೊಂಡ ಕೂಟದಲ್ಲಿ ಅಮೆರಿಕದ ಕ್ಯಾಸಲ್ ಟವರ್ ಇತ್ತು, ಫ್ರಾನ್ಸ್ ಟೆಲಿಕಾಂನ ಅಂಗಸಂಸ್ಥೆ ಟಿಡಿಎಫ್ ಇತ್ತು. ವರ್ಲ್ಡ್ ಸರ್ವಿಸ್‌ನ ಟ್ರಾನ್ಸ್‌ಮಿಟರ್‌ಗಳು ಪ್ರತ್ಯೇಕವಾಗಿ ಮರ್ಲಿನ್ ಎಂಬ ಕಂಪನಿಗೆ ಹೋದವು.

ಇಲ್ಲೊಂದು ಸ್ವಾರಸ್ಯವಿದೆ. ಅದೇ 1990ರ ಕಾಯ್ದೆಯ ಪ್ರಕಾರ ಯುರೋಪಿನ ಆರ್ಥಿಕ ವಲಯದಾಚೆಯವರು ಐಟಿವಿಯ ಪ್ರಾದೇಶಿಕ ಲೈಸೆನ್ಸ್ ಪಡೆಯುವಂತಿರಲಿಲ್ಲ. ಆ ನಿರ್ಬಂಧ ಹೋದದ್ದು 2003ರ ಕಮ್ಯುನಿಕೇಷನ್ಸ್ ಕಾಯ್ದೆ ಬಂದಾಗ. ಆದರೆ ಅಮೆರಿಕದಲ್ಲಿ ನೋಂದಾಯಿತವಾದ ಇಂಟರ್‌ನ್ಯಾಷನಲ್ ಕೇಬಲ್‌ಟೆಲ್ 1996ರಲ್ಲೇ 23.5 ಕೋಟಿ ಪೌಂಡ್ ಕೊಟ್ಟು ಎನ್‌ಟಿಎಲ್ ಅನ್ನು ಕೊಂಡಿತು. ಏನು ಪ್ರಸಾರವಾಗಬೇಕು ಎಂದು ತೀರ್ಮಾನಿಸುವವರಿಗೆ ರಾಷ್ಟ್ರೀಯತೆಯ ನಿಯಮ, ಅದನ್ನು ಹೊತ್ತು ಸಾಗಿಸುವವರಿಗೆ ಟೆಲಿಕಾಂ ನಿಯಮ. ಟವರ್ ಕಂಪನಿ ಪ್ರಸಾರಕರ ಪಟ್ಟಿಯಲ್ಲಿ ಇರಲೇ ಇಲ್ಲ. ಅದಕ್ಕೆ ಬೇಕಾಗಿದ್ದುದು 1984ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯ ಲೈಸೆನ್ಸ್. ಬೆಲೆಗೆ ಮೂಗುದಾರ ಹಾಕಿದ್ದೂ ಆ ಲೈಸೆನ್ಸಿನ ಮೂಲಕವೇ: ಹಣದುಬ್ಬರದಿಂದ ಇಂತಿಷ್ಟು ಅಂಶ ಕಳೆದು ಉಳಿದಷ್ಟೇ ದರ ಏರಿಸಬೇಕು ಎಂಬ ಸೂತ್ರ.

ಮಾಲೀಕತ್ವದ ಬಗ್ಗೆ ನಿಜಕ್ಕೂ ಇದ್ದ ರಕ್ಷಣೆ ಎಂದರೆ ಕಂಪನಿಗಳು ಎರಡಿದ್ದವು ಎಂಬುದು. ಅದೂ ಅರ್ಧ ರಕ್ಷಣೆ. ಯುಎಚ್‌ಎಫ್ (ಟಿವಿಗೆ ಬಳಸುವ ಹೆಚ್ಚಿನ ಆವರ್ತನದ ಪಟ್ಟಿ) ಟಿವಿ ಶುರುವಾದ ಕಾಲದಿಂದ ಬಿಬಿಸಿ, ಐಬಿಎ ಒಂದೇ ಜಾಗ ಹಂಚಿಕೊಳ್ಳುತ್ತಿದ್ದವು. ಒಂದು ಟವರಿನಲ್ಲಿ ಒಬ್ಬರು ಮಾಲೀಕರು, ಇನ್ನೊಬ್ಬರು ಬಾಡಿಗೆದಾರರು. ಕ್ರಿಸ್ಟಲ್ ಪ್ಯಾಲೇಸ್, ಸಟನ್ ಕೋಲ್ಡ್‌ಫೀಲ್ಡ್ ಬಿಬಿಸಿ ಪಾಲಿನವು; ಎಮ್ಲಿ ಮೂರ್, ವಿಂಟರ್ ಹಿಲ್ ಐಬಿಎ ಪಾಲಿನವು. ಸುಮಾರು 1,150 ಟಿವಿ ಕೇಂದ್ರಗಳು ಹೆಚ್ಚುಕಮ್ಮಿ ಅರ್ಧರ್ಧ ಹಂಚಿಹೋದವು. ಹಾಗಾಗಿ ಯಾವುದೇ ಊರಿನಲ್ಲಿ ನಿಂತು ನೋಡಿದರೂ ಟವರ್ ಒಂದೇ, ಮಾಲೀಕ ಒಬ್ಬನೇ. ದೇಶದ ಲೆಕ್ಕದಲ್ಲಿ ಇಬ್ಬರು, ಊರಿನ ಲೆಕ್ಕದಲ್ಲಿ ಏಕಸ್ವಾಮ್ಯ. ಶೇಕಡಾವಾರು ಮಿತಿ ಇದಕ್ಕೆ ಮದ್ದಲ್ಲ.

ಆ ಕಾರಣಕ್ಕೆ ಕೆಲಸವನ್ನು ಎರಡಾಗಿ ಸೀಳಿದರು. ಜಾಗ, ಮಾಸ್ಟ್ (ಆಂಟೆನಾ ಹೊರುವ ಎತ್ತರದ ಕಂಬ), ಹಂಚಿಕೊಂಡು ಬಳಸುವ ಆಂಟೆನಾ, ವಿದ್ಯುತ್ ಸಂಪರ್ಕ, ಇವು ಜಾಲಪ್ರವೇಶ ಎಂಬ ತಲೆಬರಹದಡಿ. ಟ್ರಾನ್ಸ್‌ಮಿಟರ್ ಕೂಡಿಸುವುದು, ನಡೆಸುವುದು, ನಿಗಾ ಇಡುವುದು, ಕೆಟ್ಟರೆ ರಿಪೇರಿ, ಇವು ನಿರ್ವಹಿತ ಪ್ರಸಾರ ಸೇವೆ ಎಂಬ ತಲೆಬರಹದಡಿ. ಮೊದಲನೆಯದನ್ನು ಕೊಡಬಲ್ಲವನು ಟವರ್ ಮಾಲೀಕ ಮಾತ್ರ. ಎರಡನೆಯದಕ್ಕೆ ಪೈಪೋಟಿ ಸಾಧ್ಯ. ಎನ್‌ಟಿಎಲ್ ಟವರಿನಲ್ಲಿ ಎದುರಾಳಿ ಕಂಪನಿ ಟ್ರಾನ್ಸ್‌ಮಿಟರ್ ಇಟ್ಟು ಸೇವೆ ಕೊಡಬಹುದು. 2005ರಲ್ಲಿ ಬ್ರಿಟನ್ನಿನ ಸಂವಹನ ನಿಯಂತ್ರಕ ಆಫ್‌ಕಾಮ್ ಮಾರುಕಟ್ಟೆ ಪರಿಶೀಲಿಸಿ, ಮಾಸ್ಟ್, ಜಾಗ, ಹಂಚಿಕೆಯ ಆಂಟೆನಾ ವಿಷಯದಲ್ಲಿ ಎರಡೂ ಕಂಪನಿಗಳಿಗೆ ಗಣನೀಯ ಮಾರುಕಟ್ಟೆ ಬಲವಿದೆ ಎಂದು ಘೋಷಿಸಿ, ನ್ಯಾಯಯುತ ದರದಲ್ಲಿ ಪ್ರವೇಶ ಕೊಡುವ ಬಾಧ್ಯತೆ ಹೊರಿಸಿತು.

ನಿಮ್ಮ ಟಿಪ್ಪಣಿಯಲ್ಲಿ ಗಡಿಯನ್ನು ಉಪಕರಣದ ಮಟ್ಟದಲ್ಲಿ ಬರೆಯಿರಿ. "ಪ್ರಸಾರ ಮೂಲಸೌಕರ್ಯ" ಎಂದು ಮೊಘಮ್ಮಾಗಿ ಬರೆದರೆ ಕಂಬೈನರ್ ಯಾರದು ಎಂಬ ಜಗಳ ಮೊದಲ ವರ್ಷವೇ ಬರುತ್ತದೆ. ಹಲವು ಟ್ರಾನ್ಸ್‌ಮಿಟರ್‌ಗಳ ಔಟ್‌ಪುಟ್ ಒಂದುಗೂಡಿಸಿ ಒಂದೇ ಆಂಟೆನಾಕ್ಕೆ ಕಳಿಸುವ ಪೆಟ್ಟಿಗೆ ಅದು. ಗಡಿ ಅದರ ಇನ್‌ಪುಟ್ ಫ್ಲಾಂಜಿನಲ್ಲಿರಲಿ, ಅಂದರೆ ಟ್ರಾನ್ಸ್‌ಮಿಟರಿನ ಕೊಳವೆ ಬಂದು ಸೇರುವ ಬಾಯಿಯಲ್ಲಿ: ಅಲ್ಲಿಂದ ಮೇಲಿನದೆಲ್ಲ ಮಾಲೀಕನ ಹೊಣೆ, ಕೆಳಗಿನದಕ್ಕೆ ಪೈಪೋಟಿ.

ಕಡತವಾಸಿ

ಬಹಳ ಉಪಕಾರವಾಯಿತು ಸರ್. ಹಾಗಿದ್ದರೆ ಎರಡು ಕಂಪನಿ ಒಂದಾಗಲು ಬಿಟ್ಟದ್ದೇಕೆ? ಇದ್ದ ಅರ್ಧ ರಕ್ಷಣೆಯೂ ಹೋಯಿತಲ್ಲ?

ಎತ್ತರದ ಕೆಂಪು ದೀಪ

ಬಿಟ್ಟದ್ದು ಸುಮ್ಮನೆ ಅಲ್ಲ. 2004ರಲ್ಲಿ ಎನ್‌ಟಿಎಲ್‌ನ ಪ್ರಸಾರ ಭಾಗ ಆಸ್ಟ್ರೇಲಿಯಾದ ಹೂಡಿಕೆ ಸಂಸ್ಥೆ ಮ್ಯಾಕ್ವಾರಿ ಮುಂದಾಳತ್ವದ ಕೂಟಕ್ಕೆ 127 ಕೋಟಿ ಪೌಂಡಿಗೆ ಹೋಗಿ ಮುಂದೆ ಆರ್ಕಿವಾ ಎಂಬ ಹೆಸರು ಪಡೆಯಿತು. ಅದೇ ವರ್ಷ ಕ್ರೌನ್ ಕ್ಯಾಸಲ್‌ನ (ಕ್ಯಾಸಲ್ ಟವರ್‌ನ ಹೊಸ ಹೆಸರು) ಬ್ರಿಟಿಷ್ ಭಾಗವನ್ನು, ಅಂದರೆ ಹಳೆಯ ಬಿಬಿಸಿ ಟವರ್‌ಗಳನ್ನು, ವಿದ್ಯುತ್ ಸಾಗಣೆಯ ನ್ಯಾಷನಲ್ ಗ್ರಿಡ್ ಕಂಪನಿ ಸುಮಾರು 110 ಕೋಟಿಗೆ ಕೊಂಡಿತು. 2007ರ ಏಪ್ರಿಲ್‌ನಲ್ಲಿ ಮ್ಯಾಕ್ವಾರಿ ಆ ಭಾಗವನ್ನೂ 250 ಕೋಟಿ ಪೌಂಡಿಗೆ ಕೊಂಡಿತು. ಪ್ರಕರಣ ಸ್ಪರ್ಧಾ ಆಯೋಗಕ್ಕೆ ಹೋಯಿತು. 2008ರ ಮಾರ್ಚಿನ ವರದಿಯಲ್ಲಿ ಆಯೋಗ ಸ್ಪರ್ಧೆ ಗಣನೀಯವಾಗಿ ಕುಗ್ಗುತ್ತದೆ ಎಂದೇ ಹೇಳಿತು. ಆದರೂ ಮಾರಾಟ ರದ್ದಾಗಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕಂಪನಿಯಿಂದ ಬಾಧ್ಯತಾಪತ್ರ ಬರೆಸಿಕೊಂಡು ಒಪ್ಪಿದರು.

ಆ ಹೊತ್ತಿಗೆ ದೇಶದಲ್ಲಿ ಅನಲಾಗ್ ಆರಿಸಿ ಡಿಜಿಟಲ್‌ಗೆ ಬದಲಾಗುವ ಕೆಲಸ ನಡೆಯುತ್ತಿತ್ತು ಎಂಬುದನ್ನು ಮರೆಯಬೇಡಿ. ಅದು ಪೂರ್ತಿ ಮುಗಿದದ್ದು 2012ರ ಅಕ್ಟೋಬರಿನಲ್ಲಿ. ಸಾವಿರಕ್ಕೂ ಮಿಕ್ಕಿ ಕೇಂದ್ರಗಳಲ್ಲಿ ಆಂಟೆನಾ, ಟ್ರಾನ್ಸ್‌ಮಿಟರ್ ಬದಲಿಸುವ ನಡುವೆ ಮಾಲೀಕರನ್ನು ಬೇರ್ಪಡಿಸುವುದು ಹಗುರವಾದ ಮಾತಲ್ಲ.

ಬಾಧ್ಯತಾಪತ್ರದ ತಿರುಳು ಹೀಗೆ. ಜಾಲಪ್ರವೇಶಕ್ಕೂ ನಿರ್ವಹಿತ ಸೇವೆಗೂ ಬೇರೆಬೇರೆ ಮಾದರಿ ಕೊಡುಗೆ, ಅಂದರೆ ಯಾರು ಬಂದರೂ ಅನ್ವಯಿಸುವ ದರ, ಷರತ್ತುಗಳ ದಾಖಲೆ, ಪ್ರಕಟಿಸಬೇಕು. ದರ, ಷರತ್ತು ನ್ಯಾಯಯುತ, ಸಮಂಜಸ, ತಾರತಮ್ಯರಹಿತವಾಗಿರಬೇಕು. ಲೆಕ್ಕಪತ್ರ ಪ್ರತ್ಯೇಕವಿರಬೇಕು. ಗ್ರಾಹಕ ಕೇಳಿದ ಮಾಹಿತಿ ಕೊಡಬೇಕು. ವಿವಾದ ಬಂದರೆ ತೀರ್ಮಾನಿಸಲು ಸ್ವತಂತ್ರ ನಿರ್ಣಾಯಕರ ಕಚೇರಿ ಇರಬೇಕು. ಈ ಕೊನೆಯದೇ ಇಡೀ ವ್ಯವಸ್ಥೆಯ ಬೆನ್ನೆಲುಬು ಎಂಬುದು ನನ್ನ ಅಭಿಪ್ರಾಯ. ಸಣ್ಣ ರೇಡಿಯೊ ಕೇಂದ್ರವೊಂದು ದರದ ಬಗ್ಗೆ ಕೋರ್ಟಿಗೆ ಹೋಗುವಷ್ಟರಲ್ಲಿ ಅದರ ಲೈಸೆನ್ಸ್ ಅವಧಿಯೇ ಕಳೆದುಹೋಗುತ್ತದೆ.

ಇನ್ನೊಂದು ಮಗ್ಗುಲು ನಿಮ್ಮ ಕೊನೆಯ ಪ್ರಶ್ನೆಗೆ ಸಂಬಂಧಿಸಿದ್ದು. ಆರ್ಕಿವಾ ಬರೀ ಟವರ್ ಮಾಲೀಕನಲ್ಲ. ಭೂಪ್ರಸಾರ ಡಿಜಿಟಲ್ ಟಿವಿಯ ವಾಣಿಜ್ಯ ಮಲ್ಟಿಪ್ಲೆಕ್ಸ್‌ಗಳನ್ನೂ (ಹಲವು ಚಾನೆಲ್‌ಗಳನ್ನು ಒಂದೇ ಸಿಗ್ನಲ್ಲಿಗೆ ಕಟ್ಟಿ ಕಳಿಸುವ ಸೇವೆ) ನಡೆಸುತ್ತದೆ. ಅಂದರೆ ಎದುರಾಳಿ ಮಲ್ಟಿಪ್ಲೆಕ್ಸ್‌ಗೆ ಬಾಡಿಗೆ ಕೊಡುವವರೂ ಅವರೇ. ಹೊಸ ಕೇಂದ್ರಕ್ಕೆ ಯಾರು, ಯಾವ ಶಕ್ತಿಯಲ್ಲಿ, ಯಾವಾಗ ಬರುತ್ತಾರೆ ಎಂಬ ಗುಟ್ಟು ಟವರ್ ವಿಭಾಗದ ಮೇಜಿಗೆ ಮೊದಲೇ ಬಂದಿರುತ್ತದೆ. ಅದು ಪಕ್ಕದ ಮೇಜಿಗೆ ದಾಟಬಾರದು ಎಂಬ ಗೋಡೆ ಬರಹದಲ್ಲಿ ಇರಲೇಬೇಕು.

ರೋಮ್ ದಾರಿ

ದೀಪದವರು ಹೇಳಿದ್ದೆಲ್ಲ ಸರಿ, ಆದರೆ ಶೇಕಡಾವಾರು ಮಿತಿ ಮದ್ದಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇಟಲಿಯಲ್ಲಿ ಒಂದೇ ಒಂದು ಅಂಕಿ ಇಡೀ ಮಾರುಕಟ್ಟೆಯನ್ನು ನಿಲ್ಲಿಸಿದೆ.

ಅಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ರಾಯ್‌ನ ಟವರ್‌ಗಳು ರಾಯ್ ವೇ ಎಂಬ ಕಂಪನಿಯಲ್ಲಿವೆ. 2014ರಲ್ಲಿ ಸರ್ಕಾರ ಅದರ ಷೇರು ಮಾರಲು ಅನುಮತಿ ಕೊಟ್ಟಿತು, ಆದರೆ ಪ್ರಧಾನಿಯ ಆದೇಶದಲ್ಲಿ ರಾಯ್‌ನ ಪಾಲು ಶೇ 51ಕ್ಕಿಂತ ಇಳಿಯಬಾರದು ಎಂದಿತ್ತು. ಆ ವರ್ಷ ನವೆಂಬರಿನಲ್ಲಿ ಷೇರು ಮಿಲಾನ್ ಪೇಟೆಗೆ ಬಂತು, ತಲಾ 2.95 ಯೂರೊಗೆ. ರಾಯ್ ಸುಮಾರು ಶೇ 65 ಇಟ್ಟುಕೊಂಡಿತು. ಮೂರೇ ತಿಂಗಳಲ್ಲಿ, 2015ರ ಫೆಬ್ರವರಿಯಲ್ಲಿ, ಖಾಸಗಿ ಟಿವಿ ದೈತ್ಯ ಮೀಡಿಯಾಸೆಟ್‌ನ ಟವರ್ ಕಂಪನಿ ಇಐ ಟವರ್ಸ್ ಮೂರನೇ ಎರಡು ಪಾಲು ಕೊಳ್ಳುತ್ತೇನೆ ಎಂದು ಸುಮಾರು 122 ಕೋಟಿ ಯೂರೊ ಲೆಕ್ಕದ ಪ್ರಸ್ತಾವ ಇಟ್ಟಿತು. ಸರ್ಕಾರ ಶೇ 51ರ ಸಾಲು ತೋರಿಸಿತು. ಪ್ರಸ್ತಾವ ಅದೇ ವರ್ಷ ಬಿದ್ದುಹೋಯಿತು. ಎದುರಾಳಿ ಚಾನೆಲ್ ಸಮೂಹ ಸಾರ್ವಜನಿಕ ಪ್ರಸಾರಕನ ಟವರ್ ನುಂಗುವುದನ್ನು ತಡೆದದ್ದು ಪ್ರವೇಶ ಷರತ್ತಲ್ಲ, ಆ ಮಿತಿ. ಕಡತವಾಸಿಯವರ ಕೊನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಆದರೆ ಇದೇ ಅಂಕಿಯನ್ನು 2022ರಲ್ಲಿ ಇನ್ನೊಂದು ಆದೇಶ ಶೇ 30ಕ್ಕೆ ಇಳಿಸಿತು. ಸಂಸತ್ತಿನ ಕಾಯ್ದೆಯಲ್ಲಿ ಇರಬೇಕಾದ್ದು ಕಾರ್ಯಾಂಗದ ಆದೇಶದಲ್ಲಿದ್ದರೆ ಸರ್ಕಾರ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಮಿತಿ ಎಷ್ಟು ಎಂಬುದಕ್ಕಿಂತ ಅದನ್ನು ಯಾವ ದರ್ಜೆಯ ದಾಖಲೆಯಲ್ಲಿ ಬರೆದಿದ್ದೀರಿ ಎಂಬುದನ್ನು ಮೊದಲು ನೋಡಿ.

ಶೇಕಡಾವಾರು ಬರೆಯುವವರು ಎಡವುವ ಜಾಗಗಳಿವು. "ಮಾರಾಟದ ದಿನ" ಶೇ 51 ಇರಬೇಕು ಎಂದು ಬರೆದು ಬಿಟ್ಟರೆ, ಮುಂದಿನ ವರ್ಷ ಕಂಪನಿ ಹೊಸ ಷೇರು ಹೊರಡಿಸಿ, ಸಾರ್ವಜನಿಕ ಸಂಸ್ಥೆಯ ಬಳಿ ದುಡ್ಡಿಲ್ಲದೆ ಅದು ಕೊಳ್ಳದೇ ಹೋದರೆ ಪಾಲು ತಾನಾಗಿ ಇಳಿಯುತ್ತದೆ. 100 ಷೇರಿನಲ್ಲಿ 51 ಇದ್ದದ್ದು, ಇನ್ನೂ 20 ಬೇರೆಯವರಿಗೆ ಹೋದರೆ 120ರಲ್ಲಿ 51, ಅಂದರೆ ಶೇ 42.5. "ಎಲ್ಲ ಕಾಲದಲ್ಲೂ" ಎಂಬ ಪದ ಬೇಕು. ಷೇರು ಬಂಡವಾಳದಲ್ಲೋ ಮತಾಧಿಕಾರದಲ್ಲೋ ಎಂದು ಹೇಳಬೇಕು. ಮತವಿಲ್ಲದ ಷೇರು, ಮುಂದೆ ಷೇರಾಗಿ ಬದಲಾಗುವ ಸಾಲಪತ್ರ ಎರಡನ್ನೂ ಎಣಿಕೆಗೆ ಸೇರಿಸಬೇಕು. ಒಬ್ಬನಿಗೆ ಶೇ 30ರ ಮಿತಿ ಹಾಕಿ, ಅವನ ಅಂಗಸಂಸ್ಥೆಗೆ ಶೇ 15, ಅವನ ಜೊತೆ ಒಪ್ಪಂದ ಮಾಡಿಕೊಂಡ ನಿಧಿಗೆ ಶೇ 10 ಬಿಟ್ಟರೆ ಮಿತಿ ಕಾಗದದ ಮೇಲಷ್ಟೆ. ನೇರ, ಪರೋಕ್ಷ, ಕೂಡಿ ವರ್ತಿಸುವವರು, ಮೂರನ್ನೂ ಒಂದೇ ಲೆಕ್ಕದಲ್ಲಿ ಹಿಡಿಯಬೇಕು. ಮಿತಿ ಮೀರಿದರೆ ಏನು ಎಂಬುದೂ ಅಲ್ಲೇ ಇರಬೇಕು: ಮೀರಿದಷ್ಟು ಷೇರಿನ ಮತ ಅಮಾನತು, ಇಂತಿಷ್ಟು ತಿಂಗಳಲ್ಲಿ ಮಾರಾಟ. ದಂಡ ಮಾತ್ರ ಇಟ್ಟರೆ ದೊಡ್ಡ ನಿಧಿಗಳು ಅದನ್ನು ಖರ್ಚಿನ ಲೆಕ್ಕಕ್ಕೆ ಬರೆದುಕೊಳ್ಳುತ್ತವೆ.

ಫ್ರಾನ್ಸ್ ಬಗ್ಗೆ ಎರಡು ಮಾತು. ಟಿಡಿಎಫ್ ಅಲ್ಲಿ ಖಾಸಗಿಯಾದ ಮೇಲೆ ನಿಯಂತ್ರಕ ಆರ್ಸೆಪ್ ಮಾಲೀಕರ ಹೆಸರು ನೋಡುವುದಕ್ಕಿಂತ ಜಾಗಗಳನ್ನು ಎರಡು ಗುಂಪು ಮಾಡಿತು: ಪರ್ಯಾಯ ಟವರ್ ಕಟ್ಟಲಾಗದ ಜಾಗ, ಕಟ್ಟಬಹುದಾದ ಜಾಗ. ಮೊದಲ ಗುಂಪಿಗೆ ವೆಚ್ಚಾಧಾರಿತ ದರ. ಎರಡನೆಯದಕ್ಕೆ ಸಡಿಲ ನಿಯಮ: ಅತಿ ಹೆಚ್ಚೂ ಬೇಡ, ಎದುರಾಳಿಯನ್ನು ಓಡಿಸುವಷ್ಟು ಕಡಿಮೆಯೂ ಬೇಡ. ಐಫೆಲ್ ಗೋಪುರವಂತೂ ಪ್ಯಾರಿಸ್ ನಗರದ ಸ್ವತ್ತು. ಪ್ರಸಾರ ಕಂಪನಿ ಅಲ್ಲಿ ಒಪ್ಪಂದದ ಮೇಲೆ ಕೂತಿರುವ ಒಕ್ಕಲು ಮಾತ್ರ.

ಫೀಡರ್ ಕೇಬಲ್

ಪರ್ಯಾಯ ಟವರ್ ಕಟ್ಟಲಾಗದ ಜಾಗ ಅಂದರೆ ಏನು ಎಂದು ಎಂಜಿನಿಯರಿಂಗ್ ಲೆಕ್ಕದಲ್ಲಿ ಹೇಳುತ್ತೇನೆ, ಏಕೆಂದರೆ ವಕೀಲರು ಇದನ್ನು ಹಾರಿಸಿಬಿಡುತ್ತಾರೆ.

ಮೊದಲು ಎತ್ತರ. ಸಮತಟ್ಟು ನೆಲದ ಮೇಲೆ ರೇಡಿಯೊ ದಿಗಂತದ ದೂರ ಕಿಲೋಮೀಟರಿನಲ್ಲಿ ಸುಮಾರು 4.12 ಗುಣಿಸು ಎತ್ತರದ ವರ್ಗಮೂಲ, ಎತ್ತರ ಮೀಟರಿನಲ್ಲಿ. 300 ಮೀಟರ್ ಮಾಸ್ಟ್‌ಗೆ 71 ಕಿ.ಮೀ., 80 ಮೀಟರಿನದಕ್ಕೆ 37. ವಿಸ್ತೀರ್ಣದಲ್ಲಿ ಇದು ನಾಲ್ಕನೇ ಒಂದು ಭಾಗದ ಆಸುಪಾಸು. ಚಿಕ್ಕ ಟವರ್ ನಾಲ್ಕು ಕಟ್ಟಿದರೂ ಸಾಲದು, ವೃತ್ತಗಳು ಒಂದರ ಮೇಲೊಂದು ಬೀಳಲೇಬೇಕು. ಎರಡನೆಯದು ಮನೆಗಳ ಆಂಟೆನಾ. ಮೂವತ್ತು–ನಲವತ್ತು ವರ್ಷದಿಂದ ಛಾವಣಿ ಮೇಲಿನ ಯಾಗಿಗಳೆಲ್ಲ (ಕಡ್ಡಿ ಸಾಲಿನ ಟಿವಿ ಆಂಟೆನಾಗಳು) ಒಂದೇ ದಿಕ್ಕಿಗೆ ತಿರುಗಿವೆ. ಪಕ್ಕದ ಗುಡ್ಡದಲ್ಲಿ ಹೊಸ ಟವರ್ ಹಾಕಿದರೆ ಲಕ್ಷಾಂತರ ಆಂಟೆನಾ ತಿರುಗಿಸುವ ಖರ್ಚು ಯಾರದು? ಮೂರನೆಯದು, ಮಾಸ್ಟಿನ ತುದಿಯ ಜಾಗ. ಯುಎಚ್‌ಎಫ್ ಟಿವಿಗೆ ತುದಿಯೇ ಬೇಕು, ಅಲ್ಲಿ ಮಾತ್ರ ಎಲ್ಲ ದಿಕ್ಕಿಗೂ ತಡೆಯಿಲ್ಲದೆ ಸಿಗ್ನಲ್ ಹೋಗುತ್ತದೆ. ತುದಿ ಒಂದೇ. ಆ ಕಾರಣಕ್ಕೆ ಟವರಿನಲ್ಲಿ ಜಾಗ ಕೊಡುತ್ತೇನೆ ಎಂಬ ಷರತ್ತಿಗೆ ಅರ್ಥವಿಲ್ಲ. ತುದಿಯಲ್ಲಿರುವ ಆಂಟೆನಾದಲ್ಲೇ ಪಾಲು ಕೊಡಬೇಕು. 120 ಮೀಟರಿನಲ್ಲಿ ಖಾಲಿ ಜಾಗ ತೋರಿಸಿ ಪ್ರವೇಶ ಕೊಟ್ಟೆ ಎನ್ನುವುದು ಈ ವ್ಯವಹಾರದಲ್ಲಿ ಹಳೆಯ ಆಟ.

ಇದಕ್ಕೆ ಎದುರು ಮಾಲೀಕನ ಕಡೆಯ ನಿಜವಾದ ತೊಂದರೆಯೂ ಇದೆ. ಹೊಸ ಆಂಟೆನಾ ಸೇರಿಸಿದರೆ ಗಾಳಿಯ ಹೊರೆ ಏರುತ್ತದೆ. ಚಳಿ ಪ್ರದೇಶದಲ್ಲಿ ಮಂಜುಗಡ್ಡೆ ಕಟ್ಟಿದರೆ ಇನ್ನೂ ಹೆಚ್ಚು. ಎಮ್ಲಿ ಮೂರ್‌ನ ಹಳೆಯ ಮಾಸ್ಟ್ 1969ರ ಮಾರ್ಚಿನಲ್ಲಿ ಮಂಜುಗಡ್ಡೆ ಕಟ್ಟಿದ್ದಾಗ ಕುಸಿದು ಬಿತ್ತು. ಈಗಿರುವ ಕಾಂಕ್ರೀಟ್ ಗೋಪುರ ಅದರ ನಂತರ ಕಟ್ಟಿದ್ದು. ಜಾಗವಿಲ್ಲ ಎಂದು ಮಾಲೀಕ ಹೇಳಿದರೆ ನಂಬಲೂ ಬೇಡಿ, ತಳ್ಳಿಹಾಕಲೂ ಬೇಡಿ. ರಚನಾ ವಿಶ್ಲೇಷಣೆಯ ವರದಿ ಕೇಳಿ. ಈಗಿನ ಹೊರೆ, ತಡೆಯುವ ಹೊರೆ, ಬಳಸದೆ ಬಿಟ್ಟಿರುವ ಹಳೆಯ ಆಂಟೆನಾಗಳು, ಮೂರೂ ಅದರಲ್ಲಿ ಇರಬೇಕು. ಸತ್ತ ಆಂಟೆನಾ ಇಳಿಸದೆ ತುಂಬಿದೆ ಎನ್ನುವವರಿದ್ದಾರೆ. ಇಳಿಸುವ ಖರ್ಚು ಮಾಲೀಕನದು ಎಂದು ಬರೆದುಕೊಳ್ಳಿ.

ಮಾಲೀಕತ್ವದ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ನೆಲವನ್ನು. ಬಿಲ್ಸ್‌ಡೇಲ್ ನೋಡಿ: ಉತ್ತರ ಯಾರ್ಕ್‌ಷೈರಿನ 314 ಮೀಟರ್ ಮಾಸ್ಟ್‌ನಲ್ಲಿ 2021ರ ಆಗಸ್ಟ್ 10ರಂದು ಬೆಂಕಿ ಬಿತ್ತು. ಲಕ್ಷಾಂತರ ಮನೆಗಳಲ್ಲಿ ಟಿವಿ ಆರಿತು. 80 ಮೀಟರಿನ ತಾತ್ಕಾಲಿಕ ಮಾಸ್ಟ್ ನಿಲ್ಲಿಸಲು ಸಾಮಾನು ಸಿದ್ಧವಿದ್ದರೂ ಜಮೀನಿಗೆ ಪ್ರವೇಶದ ಮಾತುಕತೆ ಎಳೆದಾಡಿ ಕೋರ್ಟ್ ಮೆಟ್ಟಿಲೇರಿತು. ರಾಷ್ಟ್ರೀಯ ಉದ್ಯಾನದ ಒಳಗಿನ, ಪರಿಸರ ರಕ್ಷಣೆಯ ಜಾಗ ಬೇರೆ. ತಾತ್ಕಾಲಿಕ ಮಾಸ್ಟ್ ಕೆಲಸ ಶುರುಮಾಡಿದ್ದು ಅಕ್ಟೋಬರಿನಲ್ಲಿ. ಅದೇ ತಿಂಗಳು ಹಳೆಯದನ್ನು ಉರುಳಿಸಿದರು. ಹೊಸ ಪೂರ್ಣ ಮಾಸ್ಟ್ ಬಂದದ್ದು 2023ರಲ್ಲಿ. ಟವರ್ ನಿಮ್ಮದಾಗಿದ್ದು ಸುತ್ತಲಿನ ನೆಲ ಬೇರೆಯವರದಾದರೆ ಹೀಗಾಗುತ್ತದೆ.

ಹೀಗಾಗಿ ಮಾರಾಟದ ಮುಂಚೆ ಪ್ರತಿ ಕೇಂದ್ರಕ್ಕೂ ಒಂದು ಹಾಳೆ ಮಾಡಿ: ನೆಲ ಸ್ವಂತವೋ ಗುತ್ತಿಗೆಯೋ, ಗುತ್ತಿಗೆ ಯಾವಾಗ ಮುಗಿಯುತ್ತದೆ, ಕೊಂಡವನಿಗೆ ವರ್ಗಾಯಿಸಲು ಜಮೀನುದಾರನ ಒಪ್ಪಿಗೆ ಬೇಕೇ, ದಾರಿ ಹಕ್ಕು ಯಾವ ಸರ್ವೆ ನಂಬರಿನಲ್ಲಿದೆ, ತಂತಿ ಬಿಗಿದ ಮಾಸ್ಟ್ ಆದರೆ ಆಧಾರ ಗುಂಡಿಗಳು ಯಾರ ಜಮೀನಿನಲ್ಲಿವೆ, ತಾತ್ಕಾಲಿಕ ಮಾಸ್ಟ್‌ಗೆ ಮೊದಲೇ ಗುರುತಿಸಿದ ಜಾಗ ಯಾವುದು. ಆಧಾರ ಗುಂಡಿಯ ವಿಷಯ ನಗಬೇಡಿ. 300 ಮೀಟರ್ ಮಾಸ್ಟಿನ ತಂತಿಗಳು ಬುಡದಿಂದ ಇನ್ನೂರು ಮೀಟರ್ ಆಚೆ ಬೇಲಿ ದಾಟಿ ಇನ್ನೊಬ್ಬರ ಹುಲ್ಲುಗಾವಲಿನಲ್ಲಿ ನಿಂತಿರಬಹುದು.

ಕಂಪನಿ ಮುಳುಗಿದರೆ? ಸಾಲ ಕೊಟ್ಟವರ ಬಳಿ ಮಾಸ್ಟ್‌ಗಳೇ ಅಡವು ಇರುತ್ತವೆ. ಸಾಲಿಗರು ಸ್ವತ್ತು ಹಿಡಿದರೂ ಪ್ರವೇಶ ಒಪ್ಪಂದಗಳು ಮುಂದುವರಿಯಬೇಕು, ನಿಯಂತ್ರಕ ಅಥವಾ ಅವನು ನೇಮಿಸಿದವರು ಒಳಗೆ ಬಂದು ಪ್ರಸಾರ ನಡೆಸುವ ಹಕ್ಕಿರಬೇಕು. ಇದನ್ನು ಮಾರಾಟದ ಕರಾರಿನಲ್ಲೇ ಬರೆಯಬೇಕು. ಆಮೇಲೆ ಸೇರಿಸಲು ಹೋದರೆ ಬ್ಯಾಂಕುಗಳು ಒಪ್ಪುವುದಿಲ್ಲ.

ಬಯಲುಸೀಮೆ ತರಂಗ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿಯಲ್ಲಿ ಖಾಸಗಿ ಎಫ್‌ಎಂ ಇವೆಯಲ್ಲ, ಅವುಗಳ ಟವರ್ ಯಾರದು? ಇಲ್ಲಿಯೂ ಇಂಥ ಮಿತಿ ಇದೆಯೇ?

ಫೀಡರ್ ಕೇಬಲ್

ನಮ್ಮಲ್ಲಿ ಟವರ್ ಮಾರಿಯೇ ಇಲ್ಲ, ಹಾಗಾಗಿ ಹೋಲಿಕೆ ಸ್ವಲ್ಪ ದೂರದ್ದು. ಖಾಸಗಿ ಎಫ್‌ಎಂಗಳು ಒಂದೇ ಜಾಗದಲ್ಲಿ, ಸಾಮಾನ್ಯವಾಗಿ ಪ್ರಸಾರ ಭಾರತಿಯ ಟವರಿನಲ್ಲಿ, ಸಮಾನ ಪ್ರಸಾರ ವ್ಯವಸ್ಥೆಯಲ್ಲಿ ಸೇರಿಕೊಳ್ಳಬೇಕು ಎಂಬುದು ನೀತಿ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಂಪನಿ ಬೆಸಿಲ್ ವ್ಯವಸ್ಥೆ ಮಾಡುತ್ತದೆ, ಖರ್ಚು ಲೈಸೆನ್ಸ್‌ದಾರರು ಹಂಚಿಕೊಳ್ಳುತ್ತಾರೆ, ಟವರ್ ಬಾಡಿಗೆ ಪ್ರಸಾರ ಭಾರತಿಗೆ. ಮಾಲೀಕತ್ವದ ಮಿತಿಗಳಿರುವುದು ಲೈಸೆನ್ಸಿಗೆ: ಎಫ್‌ಎಂನಲ್ಲಿ ವಿದೇಶಿ ಹೂಡಿಕೆ ಶೇ 26 ಇದ್ದದ್ದು 2015ರ ನವೆಂಬರಿನಲ್ಲಿ ಶೇ 49 ಆಯಿತು, ಮೂರನೇ ಹಂತದ ನೀತಿಯಂತೆ ಒಬ್ಬರು ಒಂದು ಊರಿನ ಶೇ 40ಕ್ಕಿಂತ ಹೆಚ್ಚು ಚಾನೆಲ್ ಇಟ್ಟುಕೊಳ್ಳುವಂತಿಲ್ಲ; ದೇಶದ ಒಟ್ಟು ಚಾನೆಲ್‌ಗಳಲ್ಲಿ ಶೇ 15ಕ್ಕಿಂತ ಹೆಚ್ಚು ಬೇಡ ಎಂಬ ಮಿತಿಯೂ ಇತ್ತು, ಅದನ್ನು 2023ರಲ್ಲಿ ತೆಗೆದರು. ಅದೇ ಟೆಲಿಪೋರ್ಟ್ (ಉಪಗ್ರಹಕ್ಕೆ ಸಿಗ್ನಲ್ ಏರಿಸುವ ಕೇಂದ್ರ), ಡಿಟಿಎಚ್, ಕೇಬಲ್‌ಗೆ ಶೇ 100 ವಿದೇಶಿ ಹೂಡಿಕೆ ಸಲ್ಲುತ್ತದೆ. ದೀಪದವರು ಬ್ರಿಟನ್ನಿನ ಬಗ್ಗೆ ಹೇಳಿದ ಅದೇ ವಿಂಗಡಣೆ.

ಹಂಚಿಕೆಯ ಆಂಟೆನಾದ ಒಂದು ಲೆಕ್ಕ ಮಾತ್ರ ಎಲ್ಲ ದೇಶಕ್ಕೂ ಒಂದೇ. ತಲಾ 10 ಕಿಲೋವಾಟ್‌ನ ಎಂಟು ಟ್ರಾನ್ಸ್‌ಮಿಟರ್ ಒಂದು ಫೀಡರ್‌ಗೆ (ಆಂಟೆನಾಕ್ಕೆ ಶಕ್ತಿ ಒಯ್ಯುವ ಕೇಬಲ್) ಸೇರಿದರೆ ಸರಾಸರಿ ಶಕ್ತಿ 80 ಕಿಲೋವಾಟ್. ಆದರೆ ಎಂಟರ ವೋಲ್ಟೇಜೂ ಒಂದೇ ಕ್ಷಣದಲ್ಲಿ ಕೂಡಿದಾಗ ಶಿಖರ ಶಕ್ತಿ 8 ಗುಣಿಸು 8 ಗುಣಿಸು 10, ಅಂದರೆ 640 ಕಿಲೋವಾಟ್. ಸರಾಸರಿ ನೋಡಿ ಕೇಬಲ್ ಆರಿಸಿದರೆ ಕನೆಕ್ಟರಿನಲ್ಲಿ ಕಿಡಿ ಹಾರಿ ಎಂಟೂ ಚಾನೆಲ್ ಒಟ್ಟಿಗೆ ಮೌನ. ಒಂಬತ್ತನೆಯವನು ಬಂದಾಗ 810 ಆಗುತ್ತದೆ. ಹೊಸಬನಿಗೆ ಪ್ರವೇಶ ಕೊಡಬೇಕು ಎಂದು ಬರೆಯುವವರು ಕಂಬೈನರ್, ಫೀಡರ್, ಆಂಟೆನಾ ಮೂರಕ್ಕೂ ಗರಿಷ್ಠ ಸಂಖ್ಯೆ ಬರೆದು, ಅದನ್ನು ದಾಟಿದರೆ ಬದಲಿಸುವ ಖರ್ಚು ಹೇಗೆ ಹಂಚಿಕೆ ಎಂಬುದನ್ನೂ ಬರೆಯಬೇಕು.

ಕಡತವಾಸಿ

ಉಳಿದದ್ದು ಒಂದು. ಈಗ ಆರ್ಕಿವಾದ ಷೇರು ಕೈಬದಲಾದರೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಬೇಕೇ?

ಎತ್ತರದ ಕೆಂಪು ದೀಪ

ಈಗ ನೋಡಬೇಕಾದ್ದು 2021ರ ರಾಷ್ಟ್ರೀಯ ಭದ್ರತೆ ಮತ್ತು ಹೂಡಿಕೆ ಕಾಯ್ದೆ. ಜಾರಿಯಾದದ್ದು 2022ರ ಜನವರಿ 4ರಿಂದ. 17 ವಲಯಗಳಲ್ಲಿ ಕಡ್ಡಾಯ ಮುನ್ಸೂಚನೆ, ಸಂವಹನ ಅದರಲ್ಲೊಂದು. ಷೇರು ಅಥವಾ ಮತ ಶೇ 25, 50, 75ರ ಗೆರೆ ದಾಟುವ ಪ್ರತಿ ಸಲವೂ ಮೊದಲೇ ತಿಳಿಸಬೇಕು. ಮೊದಲ ಪರಿಶೀಲನೆಗೆ 30 ಕೆಲಸದ ದಿನ. ಆಳವಾಗಿ ನೋಡಬೇಕೆನಿಸಿದರೆ ಇನ್ನೂ 30, ಅದನ್ನು 45 ವಿಸ್ತರಿಸಬಹುದು. ಕಡ್ಡಾಯವಿದ್ದೂ ತಿಳಿಸದೆ ಮುಗಿಸಿದ ವ್ಯವಹಾರ ಕಾನೂನಿನ ಕಣ್ಣಲ್ಲಿ ಶೂನ್ಯ. ದಂಡ ಜಾಗತಿಕ ವಹಿವಾಟಿನ ಶೇ 5 ಅಥವಾ 1 ಕೋಟಿ ಪೌಂಡ್, ಯಾವುದು ದೊಡ್ಡದೋ ಅದು. ಕೊಳ್ಳುವವನು ಬ್ರಿಟಿಷನಾದರೂ ಇದೇ ನಿಯಮ. ಒಪ್ಪಂದದ ವೇಳಾಪಟ್ಟಿಗೆ ಈ ದಿನಗಳನ್ನು ಮೊದಲೇ ಸೇರಿಸದೆ ಹೋದರೆ ಸಾಲದ ಮಂಜೂರಾತಿಯ ಅವಧಿ ಮುಗಿದು ಪರದಾಟ.

ಈ ಕಾಯ್ದೆ ನೋಡುವುದು ಭದ್ರತೆಯನ್ನು ಮಾತ್ರ. ದರ, ಪ್ರವೇಶದ ಬಾಧ್ಯತೆಗಳು ಬೇರೆ ದಾರಿ, ಅವು 2008ರ ಬಾಧ್ಯತಾಪತ್ರದಿಂದ ಕಂಪನಿಗೇ ಅಂಟಿಕೊಂಡಿವೆ. ಷೇರುದಾರ ಬದಲಾದರೂ ಅವು ಕಳಚುವುದಿಲ್ಲ. 2022ರಲ್ಲಿ ಕೆನಡಾದ ಪಿಂಚಣಿ ನಿಧಿಯ ಬಳಿಯಿದ್ದ ಶೇ 48ರ ಪಾಲು ಡಿಜಿಟಲ್ 9 ಇನ್‌ಫ್ರಾಸ್ಟ್ರಕ್ಚರ್ ಎಂಬ ನಿಧಿಗೆ ಹೋಯಿತು. ರೇಡಿಯೊ ಕೇಂದ್ರಗಳ ಒಪ್ಪಂದಕ್ಕೆ ಅದರಿಂದ ಏನೂ ಆಗಲಿಲ್ಲ.

ಷೇರಿನ ಬದಲು ಸ್ವತ್ತೇ ಹೋದರೆ ಕಥೆ ಬೇರೆ. 2020ರಲ್ಲಿ ಆರ್ಕಿವಾ ತನ್ನ ಮೊಬೈಲ್ ಟವರ್ ವ್ಯವಹಾರವನ್ನು ಸ್ಪೇನಿನ ಸೆಲ್‌ನೆಕ್ಸ್‌ಗೆ ಸುಮಾರು 200 ಕೋಟಿ ಪೌಂಡಿಗೆ ಮಾರಿತು, ಸುಮಾರು 7,400 ಜಾಗಗಳು. ಟಿವಿ, ರೇಡಿಯೊ ಮಾಸ್ಟ್‌ಗಳು ಆರ್ಕಿವಾದಲ್ಲೇ ಉಳಿದವು. ನಿಮ್ಮ ಕರಡಿನಲ್ಲಿ ಬಾಧ್ಯತೆಯನ್ನು ಕಂಪನಿಯ ಹೆಸರಿಗೆ ಮಾತ್ರ ಕಟ್ಟಬೇಡಿ. ಅನುಬಂಧದಲ್ಲಿ ಜಾಗಗಳ ಪಟ್ಟಿ ಕೊಟ್ಟು, ಪಟ್ಟಿಯಲ್ಲಿರುವ ಜಾಗ ಯಾರ ಕೈಗೆ ಹೋದರೂ ಬಾಧ್ಯತೆ ಜೊತೆಗೇ ಹೋಗುತ್ತದೆ ಎಂದು ಬರೆಯಿರಿ. ಹಾಗೆ ಬರೆಯದಿದ್ದರೆ, ಲಾಭದ ಹತ್ತಾರು ಬೆಟ್ಟಗಳನ್ನು ಬೇರೆ ಕಂಪನಿಗೆ ದಾಟಿಸಿ, ಬಾಧ್ಯತೆ ಹೊತ್ತ ಕಂಪನಿಯಲ್ಲಿ ನಷ್ಟದ ರಿಲೇ ಕೇಂದ್ರಗಳನ್ನು ಮಾತ್ರ ಉಳಿಸುವ ದಾರಿ ತೆರೆದೇ ಇರುತ್ತದೆ.

ರೋಮ್ ದಾರಿ

ಇದಕ್ಕೊಂದು ಸೇರ್ಪಡೆ. ದೀಪದವರು ಕೊಟ್ಟ ಬೆಲೆಗಳನ್ನು ಸಾಲಾಗಿ ಇಟ್ಟು ನೋಡಿ: ಎನ್‌ಟಿಎಲ್ 1991ರಲ್ಲಿ 7 ಕೋಟಿ, 1996ರಲ್ಲಿ 23.5 ಕೋಟಿ, 2004ರಲ್ಲಿ 127 ಕೋಟಿ. ಅಷ್ಟೂ ಸರ್ಕಾರ ಕಳೆದುಕೊಂಡದ್ದಲ್ಲ. ನಡುವೆ ಮೊಬೈಲ್ ಬಂತು, ಡಿಜಿಟಲ್ ಬಂತು, ಕಂಪನಿ ಹೂಡಿದ್ದೂ ಇದೆ. ಆದರೂ ಮೊದಲ ಐದಾರು ವರ್ಷದೊಳಗೆ ಮರುಮಾರಾಟವಾದರೆ ಲಾಭದಲ್ಲಿ ಖಜಾನೆಗೆ ಪಾಲು ಎಂಬ ಷರತ್ತು ಹಾಕಬಹುದು. ಹಾಕುವುದಾದರೆ ಷೇರು ಮಾರಾಟ, ಸ್ವತ್ತು ಮಾರಾಟ, ಮೇಲಿನ ಹಿಡುವಳಿ ಕಂಪನಿಯ ಮಾರಾಟ, ಮೂರಕ್ಕೂ ಅನ್ವಯಿಸುವಂತೆ ಬರೆಯಿರಿ. ಮೂರನೆಯದನ್ನು ಬಿಟ್ಟರೆ ವ್ಯವಹಾರ ನಡೆಯುವುದು ಅಲ್ಲೇ.